ಗುರುವಿಗೆ ಕೂಲಿ ಇಲ್ಲ: ಕರಿಹಲಗೆ ಬಿಟ್ಟು ಸ್ಟೇರಿಂಗ್ ಹಿಡಿದವರ ಹಿಂದಿನ ಇತಿಹಾಸ

ನಮ್ಮ ಹಾವೇರಿ ಜಿಲ್ಲೆಯ ಲಾರಿ ಡ್ರೈವರುಗಳಲ್ಲಿ ಈಗ ‘ಮಾಸ್ತರ’ ಎಂದು ಕರೆಸಿಕೊಳ್ಳುವವರು ಸಿಗುತ್ತಾರೆ. ಅದು ತಮಾಷೆಗೆ ಇಟ್ಟ ಅಡ್ಡಹೆಸರಲ್ಲ. ಬ್ಯಾಡಗಿಯ ಮೆಣಸಿನಕಾಯಿ, ರಾಣೇಬೆನ್ನೂರಿನ ಗೋವಿನಜೋಳ ಹೇರಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆ ಕಡೆಗೋ ಬೆಂಗಳೂರು ಕಡೆಗೋ ಹೊರಟ ಇವರು ಕೆಲವು ವರ್ಷಗಳ ಹಿಂದೆ ಡಿ.ಇಡಿ., ಬಿ.ಇಡಿ. ಮುಗಿಸಿ ಖಾಸಗಿ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು. ‘ಹಿಂಗ್ಯಾಕ ಆತು?’ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ‘ಕೊರೊನಾ ಬಂತಲ್ರೀ, ಅದಕ್ಕ.’

ಈ ಉತ್ತರ ಅರ್ಧ ಮಾತ್ರ ಸರಿ. ಕೊರೊನಾ ಅವರನ್ನು ಶಾಲೆಯಿಂದ ಹೊರಗೆ ತಳ್ಳಿತು, ನಿಜ. ಆದರೆ ಒಂದು ತಳ್ಳಿಗೆ ಬಿದ್ದುಹೋಗುವಷ್ಟು ಅಂಚಿನಲ್ಲಿ ಅವರನ್ನು ನಿಲ್ಲಿಸಿದ್ದು ಯಾರು? ಅದಕ್ಕೆ ಉತ್ತರ 2020ರಲ್ಲಿ ಇಲ್ಲ. ಶಿಕ್ಷಕ ಮತ್ತು ಡ್ರೈವರ್ ಎಂಬ ಎರಡು ಕೆಲಸಗಳನ್ನು ನಮ್ಮ ಕಾನೂನು ಸ್ವಾತಂತ್ರ್ಯ ಬಂದಾಗಿನಿಂದ ಹೇಗೆ ನೋಡಿದೆ ಎಂಬುದರಲ್ಲಿ ಇದೆ.

ಶಾಲೆ ಮುಚ್ಚಿತು, ಲಾರಿ ನಿಲ್ಲಲಿಲ್ಲ

ಮೊದಲು ಹತ್ತಿರದ ಕಥೆ. 2020ರ ಮಾರ್ಚ್‌ನಲ್ಲಿ ರಾಜ್ಯದ ಶಾಲೆಗಳು ಮುಚ್ಚಿದವು. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ತರಗತಿಗಳು 2021ರ ಜನವರಿ 1ರಂದು ಶುರುವಾದವು. ಎರಡನೆಯ ಅಲೆ ಬಂದು ಮತ್ತೆ ಬೀಗ ಬಿತ್ತು. 1ರಿಂದ 5ನೇ ತರಗತಿಯ ಮಕ್ಕಳು ಶಾಲೆಗೆ ಬಂದಿದ್ದು 2021ರ ಅಕ್ಟೋಬರ್ 25ರಂದು, ಅಂದರೆ ಹೆಚ್ಚುಕಡಿಮೆ ಹತ್ತೊಂಬತ್ತು ತಿಂಗಳ ನಂತರ.

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಶಿಕ್ಷಕರಿಗೆ ಸರ್ಕಾರದ ಸಂಬಳ ಬರುತ್ತಿತ್ತು. ಅನುದಾನರಹಿತ ಶಾಲೆಯ ಶಿಕ್ಷಕರ ಸಂಬಳ ಮಕ್ಕಳ ಫೀ ಮೇಲೆ ನಿಂತಿತ್ತು. ಫೀ ನಿಂತಿತು, ಸಂಬಳವೂ ನಿಂತಿತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಈ ಶಿಕ್ಷಕರಿಗೆ ಒಂದು ಸಲದ ನೆರವು ಎಂದು 5,000 ರೂಪಾಯಿ ಘೋಷಿಸಿತು. ಅಷ್ಟೊತ್ತಿಗೆ ಶಾಲೆ ಮುಚ್ಚಿ ಒಂದು ವರ್ಷ ದಾಟಿತ್ತು.

ಅದೇ ಹೊತ್ತಿನಲ್ಲಿ ಓಡುತ್ತಿದ್ದದ್ದು ಲಾರಿ. 2020ರ ಏಪ್ರಿಲ್ 15ರ ಕೇಂದ್ರ ಗೃಹ ಇಲಾಖೆಯ ಮಾರ್ಗಸೂಚಿ ಎಲ್ಲ ಸರಕು ವಾಹನಗಳಿಗೂ ಅವಕಾಶ ಕೊಟ್ಟಿತು. ಲಾರಿಗೆ ಇಬ್ಬರು ಡ್ರೈವರ್, ಒಬ್ಬ ಸಹಾಯಕ ಇರಬಹುದು, ಡ್ರೈವರ್ ಬಳಿ ಲೈಸೆನ್ಸ್ ಇದ್ದರೆ ಸಾಕು ಎಂದಿತು. ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಹಳ್ಳಿಯ ಓದಿದ ಗಂಡಸಿಗೆ ಕಣ್ಣೆದುರು ಕಾಣುತ್ತಿದ್ದ ಕೆಲವೇ ದುಡಿಮೆಗಳಲ್ಲಿ ಇದೂ ಒಂದು.

ನಮ್ಮ ತಾಲ್ಲೂಕಿನ ಒಬ್ಬರು ಒಂಬತ್ತು ವರ್ಷ ಕನ್ನಡ ಮಾಧ್ಯಮದ ಅನುದಾನರಹಿತ ಶಾಲೆಯಲ್ಲಿ ಗಣಿತ ಹೇಳಿದವರು. ಲಾಕ್‌ಡೌನ್‌ನಲ್ಲಿ ಅಳಿಯನ ಟಾಟಾ ಏಸ್‌ನಲ್ಲಿ ತರಕಾರಿ ಹಾಕಲು ಶುರು ಮಾಡಿದರು. ಬೈಕಿನ ಜೊತೆಗೆ ಲಘು ವಾಹನದ ಲೈಸೆನ್ಸೂ ಮೊದಲೇ ಇತ್ತು. ಲಘು ವಾಹನದ ಲೈಸೆನ್ಸಿಗೆ ಒಂದು ವರ್ಷ ತುಂಬದೆ ಸರಕು ವಾಹನದ ಕಲಿಕಾ ಲೈಸೆನ್ಸ್ ಕೊಡುವುದಿಲ್ಲ ಎಂಬುದು 1988ರ ಮೋಟಾರು ವಾಹನ ಕಾಯ್ದೆಯ ನಿಯಮ. ಅವರಿಗೆ ಆ ತೊಂದರೆ ಇರಲಿಲ್ಲ. ಭಾರಿ ವಾಹನದ ಲೈಸೆನ್ಸ್ ಮಾಡಿಸಿದರು, ಹತ್ತು ಗಾಲಿಯ ಲಾರಿಗೆ ಸೆಕೆಂಡ್ ಡ್ರೈವರ್ ಆದರು. ಈಗ ಅವರ ಕೈಗೇ ಗಾಡಿ ಕೊಟ್ಟಿದ್ದಾರೆ.

‘ಸಾಲ್ಯಾಗ ಇದ್ದಾಗ ಮಂದಿ ಎಲ್ಲಾ ಸರ್ರ ಅಂತಿದ್ರು. ಕಿರಾಣಿ ಅಂಗಡ್ಯಾವ ಮಾತ್ರ ಉದ್ರಿ ಕೊಡ್ತಿದ್ದಿಲ್ಲ’ ಎಂದರು ಅವರು. ‘ಈಗ ಏ ಡ್ರೈವರ್ ಅಂತಾರ. ಉದ್ರಿ ಕೇಳಿದ್ರ ಕೊಡ್ತಾರ ನೋಡ್ರಿ.’

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಅಂಗಡಿಯವನ ಲೆಕ್ಕ ಅವನೊಬ್ಬನದಲ್ಲ. ದೇಶದ ಕಾನೂನೂ ಬಹಳ ಕಾಲ ಅದೇ ಲೆಕ್ಕ ಇಟ್ಟಿತ್ತು.

ಪಟ್ಟಿಯಲ್ಲಿ ಡ್ರೈವರ್ ಇದ್ದ, ಮಾಸ್ತರ ಇರಲಿಲ್ಲ

1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಯಾವ ಯಾವ ಕೆಲಸಕ್ಕೆ ಸರ್ಕಾರ ಕನಿಷ್ಠ ಕೂಲಿ ಗೊತ್ತು ಮಾಡಬೇಕು ಎಂಬ ಪಟ್ಟಿ ಅದರ ಕೊನೆಗಿತ್ತು. ಅಕ್ಕಿ ಗಿರಣಿ, ಬೀಡಿ, ತೋಟ, ಎಣ್ಣೆ ಗಿರಣಿ, ಕಲ್ಲು ಒಡೆಯುವುದು, ರಸ್ತೆ ಕೆಲಸ, ಚರ್ಮ ಹದಮಾಡುವುದು ಇತ್ಯಾದಿ. ಸಾರ್ವಜನಿಕ ಮೋಟಾರು ಸಾರಿಗೆಯೂ ಆ ಮೊದಲ ಪಟ್ಟಿಯಲ್ಲೇ ಇತ್ತು. ಶಾಲೆ ಇರಲಿಲ್ಲ.

ಆಗ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಕ್ಕಿಲ್ಲ. ಹಿಂದೆ ಹಳ್ಳಿಗಳಲ್ಲಿ ಐಗಳ ಮಠ, ಕೂಲಿಮಠಗಳಿದ್ದವು. ಊರವರು ಕೊಡುವ ಕಾಳುಕಡಿ, ಚಿಲ್ಲರೆ ಕಾಸಿನಲ್ಲಿ ಐಗಳ ಜೀವನ ನಡೆಯುತ್ತಿತ್ತು. ಆ ಹೆಸರಿನಲ್ಲಾದರೂ ಕೂಲಿ ಎಂಬ ಮಾತು ನಾಚಿಕೆಯಿಲ್ಲದೆ ಕೂತಿತ್ತು. ಸರ್ಕಾರಿ ಶಾಲೆಗಳು ಬಂದಮೇಲೆ ಮಾಸ್ತರು ಎಂದರೆ ಸಂಬಳ, ಪಿಂಚಣಿ ಇರುವ ನೌಕರ ಎಂಬ ಚಿತ್ರ ಜನರ ತಲೆಯಲ್ಲಿ ಕೂತಿತು. ಅಂಥವರಿಗೆ ಕನಿಷ್ಠ ಕೂಲಿಯ ಕಾನೂನು ಯಾಕೆ ಬೇಕು? ಫೀ ನಂಬಿಕೊಂಡು ಹಳ್ಳಿಹಳ್ಳಿಗೂ ಖಾಸಗಿ ಶಾಲೆಗಳು ಏಳುವ ಕಾಲ ಇನ್ನೂ ದೂರವಿತ್ತು.

ಬಸ್ ಡ್ರೈವರ್ ಕೋರ್ಟಿಗೆ ಹೋದ

ಶಿಕ್ಷಕ ಮತ್ತು ಡ್ರೈವರ್ ಒಂದೇ ಮೊಕದ್ದಮೆಯಲ್ಲಿ ಎದುರಾದದ್ದು ದೆಹಲಿಯಲ್ಲಿ. ದೆಹಲಿ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯರನ್ನು ಕರೆತರುವ ಬಸ್‌ಗಳಿದ್ದವು. ಬಸ್ ನಡೆಸುವುದು ನಷ್ಟ ಎಂದು ಸೇವೆ ನಿಲ್ಲಿಸಿದರು, ಡ್ರೈವರುಗಳನ್ನು ಕೆಲಸದಿಂದ ತೆಗೆದರು. ಕೈಗಾರಿಕಾ ವಿವಾದ ಕಾಯ್ದೆಯಂತೆ ಪರಿಹಾರ ಕೊಡಿ ಎಂದು ರಾಮನಾಥ್ ಎಂಬ ಡ್ರೈವರ್ ಕೇಳಿದ. ನ್ಯಾಯಮಂಡಳಿಯಲ್ಲಿ ಗೆದ್ದ. 1963ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ.

ಸೋತದ್ದು ಯಾಕೆ ಎಂಬುದು ಮುಖ್ಯ. ವಿಶ್ವವಿದ್ಯಾಲಯದ ಮೂಲ ಕೆಲಸ ಪಾಠ. ಪಾಠ ಹೇಳುವ ಶಿಕ್ಷಕರು ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ. ಡ್ರೈವರು, ಜವಾನರ ಪಾಲು ಅಲ್ಲಿ ಚಿಕ್ಕದು. ಹಾಗಾಗಿ ವಿಶ್ವವಿದ್ಯಾಲಯ ‘ಕೈಗಾರಿಕೆ’ ಅಲ್ಲ, ಡ್ರೈವರಿಗೆ ಈ ಕಾಯ್ದೆಯಲ್ಲಿ ಪರಿಹಾರ ಇಲ್ಲ. ಶಿಕ್ಷಕರ ಕೆಲಸ ದೊಡ್ಡದು ಎಂಬ ಕಾರಣಕ್ಕೆ ಡ್ರೈವರ್ ತನ್ನ ಪರಿಹಾರ ಕಳೆದುಕೊಂಡ. ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮುಂದೆ ಮುಖ್ಯ ನ್ಯಾಯಮೂರ್ತಿಯಾದರು, ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರೂ ಆದರು.

ಈ ತೀರ್ಪನ್ನು ಬದಲಿಸಿದ ಮೊಕದ್ದಮೆ ನಮ್ಮ ರಾಜ್ಯದ್ದೇ. ಬೆಂಗಳೂರು ನೀರು ಸರಬರಾಜು ಮಂಡಳಿ ಮತ್ತು ಎ. ರಾಜಪ್ಪ ನಡುವಿನ ಪ್ರಕರಣದಲ್ಲಿ 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ‘ಕೈಗಾರಿಕೆ’ ಎಂಬ ಪದಕ್ಕೆ ಬಹಳ ವಿಶಾಲ ಅರ್ಥ ಕೊಟ್ಟಿತು. ಮುಖ್ಯ ತೀರ್ಪು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರದು. ಶಿಕ್ಷಣ ಸಂಸ್ಥೆಯೂ ಕೈಗಾರಿಕೆಯೇ ಎಂದಾಯಿತು. ರಾಮನಾಥನಂಥ ಡ್ರೈವರಿಗೆ ಬಾಗಿಲು ತೆರೆಯಿತು.

ಶಿಕ್ಷಕರಿಗೆ ತೆರೆಯಿತೇ? ಇಲ್ಲ. ಗೋವಾದ ಶಾಲೆಯಿಂದ ತೆಗೆದುಹಾಕಲ್ಪಟ್ಟ ಶಿಕ್ಷಕಿ ಸುಂದರಾಂಬಾಳ್ ಅವರ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಹೀಗೆ: ಶಾಲೆ ಕೈಗಾರಿಕೆ ಇರಬಹುದು, ಆದರೆ ಪಾಠ ಹೇಳುವುದು ಪವಿತ್ರವಾದ ಕಾರ್ಯ. ಅದು ಕುಶಲ ಕೆಲಸವೂ ಅಲ್ಲ, ದೈಹಿಕ ಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ. ಆದ್ದರಿಂದ ಶಿಕ್ಷಕಿ ‘ಕಾರ್ಮಿಕ’ಳಲ್ಲ. ಶಿಕ್ಷಕರಿಗೆ ಬೇರೆ ರಕ್ಷಣೆಯ ಕಾನೂನು ಬೇಕೆಂದು ಕೋರ್ಟಿಗೂ ಅನ್ನಿಸಿತ್ತು, ಅದನ್ನು ಹೇಳಿತು ಕೂಡ.

ಶಾಲಾ ವ್ಯಾನಿನ ಡ್ರೈವರಿಗೆ ಇದೆ, ಒಳಗಿನ ಟೀಚರಿಗೆ ಇಲ್ಲ

ನಮ್ಮ ಹಳ್ಳಿಯ ಖಾಸಗಿ ಶಾಲೆಗಳಿಗೆ ಹೆಚ್ಚು ಸಂಬಂಧಪಟ್ಟ ತೀರ್ಪು ಹರಿಯಾಣದ್ದು. ಖಾಸಗಿ ಶಾಲೆಗಳನ್ನೂ ಕೋಚಿಂಗ್ ತರಗತಿಗಳನ್ನೂ ಹರಿಯಾಣ ಸರ್ಕಾರ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ, ಶಿಕ್ಷಕರಿಗೂ ವೇತನ ಗೊತ್ತು ಮಾಡಿತ್ತು. ಶಾಲೆಗಳ ಸಂಘ ಕೋರ್ಟಿಗೆ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಕಾರಣ ಮತ್ತೆ ಅದೇ, ಶಿಕ್ಷಕರು ಮಾಡುವುದು ಆ ಕಾಯ್ದೆ ಹೇಳುವ ಬಗೆಯ ಕೆಲಸ ಅಲ್ಲ. ಶಾಲೆಯ ಉಳಿದ ನೌಕರರಿಗೆ ಈ ತರ್ಕ ಅನ್ವಯಿಸುವುದಿಲ್ಲ.

ಒಂದು ಶಾಲೆಯ ಅಂಗಳ ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಮಕ್ಕಳನ್ನು ಕರೆತರುವ ವ್ಯಾನಿನ ಡ್ರೈವರಿಗೆ, ಕಸ ಗುಡಿಸುವ ಆಯಾಗೆ ಇದಕ್ಕಿಂತ ಕಡಿಮೆ ಕೊಡಬಾರದು ಎನ್ನುವ ಮಿತಿಯನ್ನು ಸರ್ಕಾರ ಹಾಕಬಹುದಿತ್ತು. ಒಳಗೆ ಪಾಠ ಹೇಳುವ ಮೇಡಂಗೆ ಅದೇ ಕಾಯ್ದೆಯಲ್ಲಿ ಅಂಥ ಮಿತಿ ಹಾಕುವಂತಿರಲಿಲ್ಲ.

ಗ್ರಾಚ್ಯುಟಿಯ ಕಥೆಯೂ ಹೀಗೇ ಶುರುವಾಯಿತು. 1997ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯ ಎಂದಿತು. ಶಿಕ್ಷಕರು ಆ ಕಾಯ್ದೆಯ ಪ್ರಕಾರ ‘ನೌಕರ’ರಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಇಲ್ಲಿ ಸಂಸತ್ತು ಸುಮ್ಮನೆ ಕೂರಲಿಲ್ಲ. 2009ರಲ್ಲಿ ಕಾಯ್ದೆ ತಿದ್ದಿ, 1997ರಿಂದಲೇ ಪೂರ್ವಾನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಪ್ಪತ್ತೈದು ವರ್ಷ ಹಿಡಿಯಿತು, ಆದರೆ ಆಯಿತು. ಮನಸ್ಸು ಮಾಡಿದರೆ ‘ಪವಿತ್ರ ವೃತ್ತಿ’ಗೂ ಹಕ್ಕು ಕೊಡಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಡ್ರೈವರಿಗೆ ಸಿಕ್ಕಿದ್ದೆಷ್ಟು?

ಹಾಗಂತ ಕಾನೂನು ಡ್ರೈವರನ್ನು ಸುಖವಾಗಿಟ್ಟಿತು ಎಂದುಕೊಳ್ಳಬೇಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ದೂರದ ಮಾರ್ಗಗಳಿಗೆ ಸ್ವಲ್ಪ ಸಡಿಲಿಕೆಯೂ ಇತ್ತು. ಆದರೆ ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅದು ತಾನಾಗಿ ಅನ್ವಯವಾಗುತ್ತಿತ್ತು. ನಮ್ಮ ಕಡೆ ಒಂದು, ಎರಡು ಲಾರಿ ಇಟ್ಟುಕೊಂಡ ಮಾಲೀಕರೇ ಜಾಸ್ತಿ. ಅಲ್ಲಿ ಗಂಟೆ ಲೆಕ್ಕ ಇಲ್ಲ, ಟ್ರಿಪ್ ಲೆಕ್ಕ. ಟ್ರಿಪ್ಪಿಗೆ ಇಷ್ಟು, ಮೇಲೆ ಬಾಟಾ. ಲೋಡಿಂಗಿಗೆ ಎರಡು ದಿನ ಕಾದರೂ ಆ ಎರಡು ದಿನ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಅಪಾಯದ ಪಾಲು ಬೇರೆ. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಎನ್ನುವ ಭಾರತೀಯ ನ್ಯಾಯ ಸಂಹಿತೆಯ ಕಲಂ ವಿರುದ್ಧ 2024ರ ಜನವರಿ ಮೊದಲ ವಾರ ದೇಶದ ಹಲವೆಡೆ ಡ್ರೈವರುಗಳು ಗಾಡಿ ನಿಲ್ಲಿಸಿದರು. ಅದೇ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಂ ಮಾತ್ರ ತಡೆಹಿಡಿಯಲಾಯಿತು. ಗಾಡಿ ನಿಂತರೆ ಪೇಟೆ ನಿಲ್ಲುತ್ತದೆ, ಆದ್ದರಿಂದ ಡ್ರೈವರ್ ಮಾತು ದೆಹಲಿಗೆ ಕೇಳಿಸಿತು. ಶಾಲೆ ಹತ್ತೊಂಬತ್ತು ತಿಂಗಳು ನಿಂತಾಗ ಖಾಸಗಿ ಶಿಕ್ಷಕರ ಮಾತು ಅಷ್ಟು ಬೇಗ ಕೇಳಿಸಲಿಲ್ಲ.

ಇನ್ನೊಂದು ಬದಲಾವಣೆ ಗಮನಿಸಿ. ಸರಕು ವಾಹನದ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕು ಎಂಬ ನಿಯಮವಿತ್ತು. ಡ್ರೈವರುಗಳು ಸಾಲುತ್ತಿಲ್ಲ, ಓದದವರಿಗೂ ಕೆಲಸ ಸಿಗಲಿ ಎಂದು 2019ರಲ್ಲಿ ಕೇಂದ್ರ ಅದನ್ನು ತೆಗೆಯಿತು. 8ನೇ ತರಗತಿಯೂ ಬೇಡ ಎಂದ ಕೆಲಸಕ್ಕೆ 8ನೇ ತರಗತಿಗೆ ಪಾಠ ಹೇಳುತ್ತಿದ್ದವರು ಬಂದು ಸೇರಿದರು.

ಈಗ ಎಲ್ಲಿದ್ದೇವೆ

ಖಾಸಗಿ ಶಾಲೆ ಬಿಡಿ, ಸರ್ಕಾರಿ ಶಾಲೆಯ ಖಾಲಿ ಹುದ್ದೆಗಳಲ್ಲಿ ಪಾಠ ಹೇಳುವ ಅತಿಥಿ ಶಿಕ್ಷಕರನ್ನೇ ನೋಡಿ. 2022ರಲ್ಲಿ ಗೌರವಧನ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ರೂಪಾಯಿ ಆಯಿತು, 2025–26ರ ಬಜೆಟ್ಟಿನಲ್ಲಿ ಇನ್ನೂ 2,000 ಸೇರಿತು. ಅದಕ್ಕೆ ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. 1963ರ ತೀರ್ಪಿನಿಂದ ಇಲ್ಲಿಯವರೆಗೆ ನಡೆದು ಬಂದ ದಾರಿ ಆ ಒಂದು ಪದದಲ್ಲಿ ಕಾಣುತ್ತದೆ. ಗೌರವ ಜಾಸ್ತಿ ಆದಷ್ಟೂ ಧನ ಕಡಿಮೆ. ಸುದ್ದಿಗೆ ಇಷ್ಟು ಎಂದು ಎಣಿಸಿ ಪಡೆಯುವ ನಮ್ಮಂಥ ಜಿಲ್ಲಾ ವರದಿಗಾರರಿಗೂ ಈ ಪದ ಹೊಸದಲ್ಲ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕಾಯ್ದೆ ಹೋಯಿತು, ಅದರ ಪಟ್ಟಿಯೂ ಹೋಯಿತು. ಈಗ ಯಾವ ಉದ್ಯೋಗವಾದರೂ ಸರಿ, ‘ನೌಕರ’ ಆದವರಿಗೆ ಕನಿಷ್ಠ ವೇತನ ಉಂಟು. ನೌಕರ ಎಂದರೆ ಯಾರು ಎಂಬ ವಿವರಣೆಯಲ್ಲಿ ಕುಶಲ, ಅಕುಶಲ, ದೈಹಿಕ, ತಾಂತ್ರಿಕ, ಗುಮಾಸ್ತಿಕೆ, ಮೇಲ್ವಿಚಾರಣೆ, ವ್ಯವಸ್ಥಾಪನೆ, ಆಡಳಿತ ಎಲ್ಲ ಕೆಲಸಗಳ ಹೆಸರಿದೆ. ಬೋಧನೆ ಎಂಬ ಪದ ಇಲ್ಲ. ಹಳೆಯ ತೀರ್ಪುಗಳೆಲ್ಲ ಇಂಥ ಪದಗಳ ಮೇಲೆಯೇ ನಿಂತಿದ್ದವು ಎಂಬುದನ್ನು ನೆನಪಿಟ್ಟುಕೊಂಡರೆ, ಈ ಒಂದು ಪದದ ಬೆಲೆ ಎಷ್ಟೆಂದು ಗೊತ್ತಾಗುತ್ತದೆ. ಗ್ರಾಚ್ಯುಟಿಯಲ್ಲಿ ಮಾಡಿದಂತೆ ಇಲ್ಲೂ ತಿದ್ದುಪಡಿ ಆಗಬೇಕು ಎಂದು ಕೇಳುವುದು ಶಿಕ್ಷಕರ ಸಂಘಗಳ ಕೆಲಸ ಮಾತ್ರ ಅಲ್ಲ, ಮಕ್ಕಳನ್ನು ಆ ಶಾಲೆಗಳಿಗೆ ಕಳಿಸುವ ನಮ್ಮದೂ ಹೌದು.

ಮಾಸ್ತರು ಲಾರಿ ಹತ್ತಿದರೆ ಅದರಲ್ಲಿ ಅವಮಾನವೇನೂ ಇಲ್ಲ. ಡ್ರೈವರಿಕೆ ಬೆವರಿನ ಕೆಲಸ, ನಮ್ಮ ಜಿಲ್ಲೆಯ ರೈತನ ಮಾಲು ಪೇಟೆ ಸೇರುವುದು ಅವರಿಂದಲೇ. ಅವಮಾನ ಇರುವುದು ಬೇರೆ ಕಡೆ. ಒಂಬತ್ತು ವರ್ಷ ಗಣಿತ ಹೇಳಿದವರಿಗೆ ನಾವು ಕೈಮುಗಿದೆವು, ಕಾಲಿಗೆ ಬಿದ್ದೆವು, ಶಿಕ್ಷಕರ ದಿನಾಚರಣೆಗೆ ಶಾಲು ಹೊದಿಸಿದೆವು. ತಿಂಗಳ ಕೊನೆಗೆ ಅವರ ಮನೆಯ ಅಕ್ಕಿ ಡಬ್ಬಿ ಮಾತ್ರ ನೋಡಲಿಲ್ಲ.