‘ನೀವೇನು ಮಾಡಿದ್ರಿ?’ ಅನ್ನೋ ಪ್ರಶ್ನೆಯ ಇತಿಹಾಸ

ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಅಟ್ರಾಸಿಟಿ ಕೇಸು ದಾಖಲಿಸೋಕೆ ನೊಂದವರ ಜೊತೆ ಎಷ್ಟೋ ಸಲ ಠಾಣೆಗೆ ಹೋಗಿದ್ದೀನಿ. ಅಂಗಿಯ ಮೇಲಿನ ರಕ್ತ ಆರಿರಲ್ಲ, ಪ್ರಶ್ನೆ ಬಂದಿರುತ್ತೆ: ‘ಸುಮ್‌ಸುಮ್ನೆ ಯಾಕಪ್ಪಾ ಹೊಡೀತಾರೆ? ನೀವೇನು ಮಾಡಿದ್ರಿ?’ ಇದು ಬರೀ ಠಾಣೆಯ ಪ್ರಶ್ನೆ ಅಂದ್ಕೋಬೇಡಿ. ಒಂದು ಶಾಸ್ತ್ರವೇ ಇದೇ ಪ್ರಶ್ನೆಯಿಂದ ಶುರುವಾಗಿದೆ. ವಿಕ್ಟಿಮಾಲಜಿ ಅಂತ ಅದರ ಹೆಸರು. ಅಂದ್ರೆ ಅಪರಾಧಕ್ಕೆ ಬಲಿಯಾದವರ ಅಧ್ಯಯನ.

1940ರ ದಶಕದಲ್ಲಿ ಈ ಹೆಸರು ಕೊಟ್ಟವರು ರೊಮೇನಿಯಾದ ವಕೀಲ ಬೆಂಜಮಿನ್ ಮೆಂಡೆಲ್ಸನ್. ಬಲಿಯಾದವರನ್ನು ಅವರು ತಪ್ಪಿನ ತೂಕದ ಮೇಲೆ ಸಾಲಾಗಿ ನಿಲ್ಲಿಸಿದರು. ಏನೂ ತಪ್ಪಿಲ್ಲದವರು ಒಂದು ಕಡೆ, ಅಪರಾಧಿಗಿಂತ ತಾವೇ ಹೆಚ್ಚು ತಪ್ಪಿತಸ್ಥರು ಅನ್ನಿಸಿಕೊಂಡವರು ಇನ್ನೊಂದು ಕಡೆ. ಆಮೇಲೆ ಅಮೆರಿಕದ ಮಾರ್ವಿನ್ ವೂಲ್ಫ್‌ಗ್ಯಾಂಗ್, ಫಿಲಡೆಲ್ಫಿಯಾದ 588 ಕೊಲೆಗಳನ್ನು ನೋಡಿ, ಸುಮಾರು ಕಾಲು ಭಾಗದಲ್ಲಿ ಸತ್ತವರೇ ಮೊದಲು ಕೈ ಮಾಡಿದ್ದರು ಅಂದರು. ಕುಡಿದ ಜಗಳಗಳಲ್ಲಿ ಅದು ನಿಜವೂ ಇರಬಹುದು. ಆದರೆ 1971ರಲ್ಲಿ ಮೆನಾಹೆಮ್ ಅಮೀರ್ ಅದೇ ಅಳತೆಗೋಲನ್ನು ಅತ್ಯಾಚಾರಕ್ಕೂ ಹಿಡಿದರು. ಸ್ತ್ರೀವಾದಿಗಳು ತಿರುಗಿಬಿದ್ದರು. ಶಾಸ್ತ್ರದ ದಿಕ್ಕು ಬದಲಾಗಿದ್ದಕ್ಕೆ ಆ ಹೆಣ್ಣುಮಕ್ಕಳ ಜಗಳ ದೊಡ್ಡ ಕಾರಣ.

1985ರಲ್ಲಿ ವಿಶ್ವಸಂಸ್ಥೆ ಒಂದು ಘೋಷಣೆ ಹೊರಡಿಸಿತು. ಅಪರಾಧಿ ಸಿಗಲಿ ಬಿಡಲಿ, ಶಿಕ್ಷೆ ಆಗಲಿ ಬಿಡಲಿ, ನೊಂದವರು ನೊಂದವರೇ ಅಂತ ಅದರಲ್ಲಿದೆ. ಇದನ್ನ ಓದಿದಾಗಲೆಲ್ಲ ನನಗೆ ನೆನಪಾಗೋದು ಕಂಬಾಲಪಲ್ಲಿ.

2000ದ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು. 7 ಜನ ದಲಿತರನ್ನು ಮನೆಯೊಳಗೆ ಕೂಡಿ ಜೀವಂತ ಸುಟ್ಟರು. ಅವರಲ್ಲಿ ಹೆಂಗಸರೂ ಇದ್ದರು. ಮೇಲ್ಜಾತಿಯ ಒಬ್ಬರ ಕೊಲೆಯ ಬೆನ್ನಿಗೆ ಇದು ನಡೆದಿದ್ದರಿಂದ ‘ಪ್ರತೀಕಾರ’ ಅಂತ ಕರೆಯೋರು ಇವತ್ತಿಗೂ ಇದ್ದಾರೆ. ಆ ಪದ ಎಷ್ಟು ನಾಜೂಕಾಗಿ ಕೆಲಸ ಮಾಡುತ್ತೆ ನೋಡಿ! ಒಳಗೆ ಬೆಂದವರನ್ನೂ ಒಂದೇ ಏಟಿಗೆ ಮೆಂಡೆಲ್ಸನ್ನರ ಸಾಲಿನ ಆ ಕಡೆಗೆ ತಳ್ಳಿಬಿಡುತ್ತೆ.

ಕೋರ್ಟಿನಲ್ಲಿ ಸಾಕ್ಷಿಗಳು ಹಾಸ್ಟೈಲ್ ಆದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ‘ನಿಮ್ಮೋರೇ ಉಲ್ಟಾ ಹೊಡೆದ್ರಲ್ಲ’ ಅಂತ ನಮಗೇ ಹೇಳ್ತಾರೆ. ಅದೇ ಊರು, ಕೂಲಿಗೆ ಹೋಗಬೇಕಾದ್ದು ಅವರದೇ ಹೊಲಕ್ಕೆ, ಕೇಸು ವರ್ಷಗಟ್ಟಲೆ. ಹೀಗಿರುವಾಗ ಕಟಕಟೆ ಹತ್ತಿ ಬೆರಳು ತೋರಿಸೋದು ಅಂದ್ರೇನು ಅಂತ ಹೇಳೋರು ಒಂದು ಸಲ ಯೋಚನೆ ಮಾಡಲಿ. ಸಾಕ್ಷಿಯ ಬಾಯಿ ಮುಚ್ಚಿಸೋ ಭಯವೂ ಅಪರಾಧದ ಮುಂದುವರಿಕೆಯೇ.

ಆಗ ನಮ್ಮ ಕೈಯಲ್ಲಿ ಏನಿತ್ತು? 1989ರ ದೌರ್ಜನ್ಯ ತಡೆ ಕಾಯ್ದೆ ಇತ್ತು. 1995ರ ನಿಯಮಗಳಲ್ಲಿ ಪರಿಹಾರ, ಸಾಕ್ಷಿಗಳ ಪ್ರಯಾಣಭತ್ಯೆ ಎಲ್ಲಾ ಇತ್ತು. ಆದರೆ ನೊಂದವರ ಹಕ್ಕು, ಸಾಕ್ಷಿಯ ಹಕ್ಕು ಅಂತ ಕಾಯ್ದೆಯಲ್ಲೇ ಒಂದು ಅಧ್ಯಾಯ ಸೇರಿದ್ದು 2015ರ ತಿದ್ದುಪಡಿಯಲ್ಲಿ, ಸೆಕ್ಷನ್ 15ಎ. ಜಾರಿಗೆ ಬಂದಿದ್ದು 2016ರ ಜನವರಿ 26ಕ್ಕೆ. ಅದರಲ್ಲಿ ರಕ್ಷಣೆ ಇದೆ, ಬೇಕಾದರೆ ಬೇರೆ ಕಡೆ ನೆಲೆ ಇದೆ, ವಿಚಾರಣೆಯ ವಿಡಿಯೊ ಚಿತ್ರೀಕರಣ ಇದೆ. ನೊಂದವರು ಅಂದ್ರೆ ಯಾರು ಅಂತಲೂ ಅದೇ ತಿದ್ದುಪಡಿ ಹೇಳಿತು: ದೈಹಿಕ, ಮಾನಸಿಕ, ಹಣಕಾಸಿನ ಹಾನಿ ಅನುಭವಿಸಿದವರು, ಜೊತೆಗೆ ಅವರ ಬಂಧುಗಳು. ‘ನೀವೇನು ಮಾಡಿದ್ರಿ’ ಅನ್ನೋದಕ್ಕೆ ಆ ವ್ಯಾಖ್ಯೆಯಲ್ಲಿ ಜಾಗವೇ ಇಲ್ಲ.

ಕಂಬಾಲಪಲ್ಲಿಯ ಕುಟುಂಬಗಳಿಗೆ ಇದು ಸಿಗಲಿಲ್ಲ. ಹೈಕೋರ್ಟಿನ ತೀರ್ಪೂ ಆಗಲೇ ಬಂದಾಗಿತ್ತು.

ಇದನ್ನ ಓದ್ತಿರೋರಲ್ಲಿ ಯಾರದ್ದಾದ್ರೂ ಕೇಸು ನಡೀತಿದ್ರೆ ಒಂದು ಕೆಲಸ ಮಾಡಿ. ಆರೋಪಿಯ ಜಾಮೀನು ಅರ್ಜಿ ಬಂದಾಗ ನಿಮಗೆ ನೋಟಿಸ್ ಬಂದಿತ್ತಾ ನೋಡಿ. ಬಂದಿಲ್ಲ ಅಂದ್ರೆ ಸುಮ್ಮನಿರಬೇಡಿ. ಆ ನೋಟಿಸ್ ಕಡ್ಡಾಯ ಅಂತ 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಗೆ 15ಎ ಉಪಸೆಕ್ಷನ್ 3 ಅಂತ ಹೇಳಿ ಸಾಕು.