ಸಂದು ಕೂಡಿಸುವ ಕಸುಬು

ಕಾರಿನ ಬಾಗಿಲು, ಬಾನೆಟ್, ಮಡ್‌ಗಾರ್ಡುಗಳ ನಡುವಿನ ಸಂದನ್ನು ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಗೆ ತರುವುದು ಟಿಂಕರ್‌ಗಳ ಕೆಲಸ. ಮೋಟಾರು ಬಂದ ಮೇಲೆ ಹುಟ್ಟಿದ ಕಸುಬಾದರೂ ಅದರ ಕೈಚಳಕ ಅದಕ್ಕಿಂತ ಹಳೆಯದು. ಹೇಮಗುಡ್ಡ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಚಕ್ಕಡಿಯ ಗಾಲಿ ಕೂಡಿಸುತ್ತಿದ್ದವರು ಬಡಿಗರು, ಅದಕ್ಕೆ ಕಬ್ಬಿಣದ ಹಳಿ ಕಾಯಿಸಿ ಹಾಕುತ್ತಿದ್ದವರು ಕಮ್ಮಾರರು. ಹಳಿ ಕೂದಲೆಳೆಯಷ್ಟು ಸಡಿಲವಾದರೂ ಗಾಲಿ ಓಲಾಡುತ್ತದೆ. ಮರ ಮತ್ತು ಲೋಹ ಒಂದಕ್ಕೊಂದು ಕಚ್ಚಿ ಕೂರಬೇಕೆಂಬ ಈ ಲೆಕ್ಕವೇ ಮುಂದೆ ಬಸ್ಸಿನ ಮೈಗೂ ಬಂತು.

ಈ ಸೀಮೆ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಇಲಾಖೆ ತೆರೆಯಿತು. ದೇಶದಲ್ಲಿ ಸರ್ಕಾರವೇ ಬಸ್ಸು ಓಡಿಸಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಮೈಸೂರಿನಲ್ಲಿ ಸರ್ಕಾರಿ ಸಾರಿಗೆ ಇಲಾಖೆ ಶುರುವಾದದ್ದು 1948ರಲ್ಲಿ. ಆ ಕಾಲದ ಬಸ್ಸೆಂದರೆ ಚಾಸಿಸ್ ಮೇಲೆ ಕಟ್ಟಿದ ಮರದ ಚೌಕಟ್ಟು, ಅದಕ್ಕೆ ಬಡಿದ ತಗಡು. ಚೌಕಟ್ಟು ಸೊಟ್ಟಗಾದರೆ ತಗಡನ್ನು ಎಷ್ಟು ತಟ್ಟಿದರೂ ಬಾಗಿಲು ಕೂರುತ್ತಿರಲಿಲ್ಲ. ದಕ್ಷಿಣದ ಮೈಸೂರು ಸಂಸ್ಥಾನದಲ್ಲಿ ತಗಡಿನ ಕೆಲಸಕ್ಕೆ ಇನ್ನೊಂದು ಪಾಠಶಾಲೆ ಹುಟ್ಟಿತ್ತು: 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್. ವಿಮಾನದ ಜೊತೆ ರೈಲು ಬೋಗಿಗಳನ್ನೂ ಅಲ್ಲಿ ಕಟ್ಟಲಾಗುತ್ತಿತ್ತು. ಆ ವಿಭಾಗ ಮುಂದೆ 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಸೇರಿತು.

ಕಾರಿನ ಟಿಂಕರ್ ಕೆಲಸ ದೊಡ್ಡ ಕಸುಬಾಗಿ ಬೆಳೆಯಲು ಸರ್ಕಾರದ ನೀತಿಯೂ ಕಾರಣ. ಬಿಡಿಭಾಗ ತರಿಸಿ ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸಬೇಕು ಎಂದು 1953ರಲ್ಲಿ ತೀರ್ಮಾನವಾದಾಗ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಗಂಟುಮೂಟೆ ಕಟ್ಟಿದವು. ಉಳಿದದ್ದು ಬೆರಳೆಣಿಕೆಯ ಮಾದರಿಗಳು, ವರ್ಷಗಟ್ಟಲೆ ಕಾಯುವ ಸರದಿ. ಇದ್ದ ಕಾರನ್ನೇ ತಟ್ಟಿ, ಬೆಸೆದು, ಮತ್ತೆ ಓಡಿಸದೆ ಬೇರೆ ದಾರಿಯಿರಲಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಿಂದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಬಂತು. ಮುಖ ಆಗಾಗ ಬದಲಾದರೂ ಮೈಕಟ್ಟು ಬಹುಪಾಲು ಹಾಗೆಯೇ ಇತ್ತು. ಹೊಸ ಕಾರಿನ ಎಡ ಬಾಗಿಲಿನ ಸಂದಿಗೂ ಬಲ ಬಾಗಿಲಿನ ಸಂದಿಗೂ ತಾಳೆಯಾಗದಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಹಾಗಾಗಿ ಇವತ್ತು ಅಂಬಾಸಡರ್ ರಿಪೇರಿ ಮಾಡುವವರು ಜರ್ಮನ್ ಕಾರಿನ ಅಳತೆ ಹಿಡಿದು ಹೊರಡುವುದು ದಂಡದ ಕೆಲಸ.

ಸಂದಿನ ವಿಷಯದಲ್ಲಿ ಟಿಂಕರ್‌ಗಳಿಗೆ ನಿಜವಾದ ಪರೀಕ್ಷೆ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಇಲ್ಲಿ ತಯಾರಿಸಿತು. ಇಡೀ ಮೈಯನ್ನು ಒಂದೇ ಕಡೆ ಒತ್ತಿ ಕೊಡುವ ಕಾರ್ಖಾನೆ ಮೂಲ ಕಂಪನಿಯ ಕೈಗೆ ಸಿಗದ ಕಾರಣ ಕಾರನ್ನು ತುಂಡು ತುಂಡಾಗಿ ಬೋಲ್ಟಿನಿಂದ ಜೋಡಿಸುವಂತೆ ರೂಪಿಸಲಾಗಿತ್ತು. ಇಟಲಿಯ ಜಿಯೊವಾನಿ ಮಿಕೆಲೊಟ್ಟಿಯ ವಿನ್ಯಾಸ ನೋಡಲು ಚೆಂದ, ಕೂಡಿಸಲು ತಲೆನೋವು. ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ತೆರೆದುಕೊಳ್ಳುತ್ತದೆ. ಮೈಗೂ ಚಾಸಿಸ್ಸಿಗೂ ನಡುವಿನ ವಾಷರ್ ಒಂದು ಕಡೆ ದಪ್ಪವಾದರೆ ಬಾಗಿಲಿನ ಮೇಲಿನ ಸಂದೂ ಕೆಳಗಿನ ಸಂದೂ ಬೇರೆಯಾಗುತ್ತವೆ, ಬಾನೆಟ್ಟಿನ ಅಂಚೂ ಸರಿಯುತ್ತದೆ.

ಕೆಲಸ ಕೆಳಗಿನಿಂದ ಶುರುವಾಗಬೇಕು ಎಂಬುದು ಈ ಕಸುಬಿನ ಮೊದಲ ನಿಯಮ. ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿಸ್ ಇದೆ, ಅಂಬಾಸಡರ್‌ಗೆ ಇಲ್ಲ. ಅದರ ತಗಡಿನ ಮೈಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿದ್ದರೆ ಜಾಕ್ ಕೊಟ್ಟು ಎತ್ತಿದಾಗ ಬಾಗಿಲು ಬಿಗಿಯುತ್ತದೆ, ಇಳಿಸಿದಾಗ ಸಡಿಲುತ್ತದೆ. ಬಲ್ಲ ಟಿಂಕರ್ ಮೊದಲು ಕಾರನ್ನು ಸಮನೆಲದ ಮೇಲೆ ಅದರ ಚಕ್ರಗಳ ಮೇಲೆಯೇ ನಿಲ್ಲಿಸಿ, ಬಾಗಿಲು ಬಿಚ್ಚಿ, ಖಾಲಿ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎಡ ಬಲ ಹೋಲಿಸುತ್ತಾನೆ. ಕೊಳೆತ ಪಟ್ಟಿಯನ್ನು ಕತ್ತರಿಸುವ ಮುನ್ನ ಚೌಕಟ್ಟಿಗೆ ಅಡ್ಡಲಾಗಿ ಆ್ಯಂಗಲ್ ಬೆಸೆಯುತ್ತಾನೆ. ಇದನ್ನು ಬಿಟ್ಟವರ ಕೈಯಲ್ಲಿ ಕಾರು ನಡು ಬಗ್ಗಿದ್ದುಂಟು.

ಆಮೇಲೆ ಹಿಂದಿನಿಂದ ಮುಂದಕ್ಕೆ. ಅಲುಗಾಡದ ಹಿಂಭಾಗಕ್ಕೆ ಹಿಂಬಾಗಿಲು, ಹಿಂಬಾಗಿಲಿಗೆ ಮುಂಬಾಗಿಲು, ಅದಕ್ಕೆ ಮಡ್‌ಗಾರ್ಡ್, ಎಲ್ಲಕ್ಕೂ ಕೊನೆಗೆ ಬಾನೆಟ್. ಹೊಸ ರಬ್ಬರು ಹಾಕಿದರೆ ಬಾಗಿಲು ಹೊರಗೆ ತಳ್ಳಿಸಿಕೊಳ್ಳುವುದರಿಂದ ಮೊದಲ ಸುತ್ತು ರಬ್ಬರಿಲ್ಲದೆ. ಬಿಜಾಗರಿಯ ಬೋಲ್ಟನ್ನು ಅರ್ಧ ಬಿಗಿದು, ಬಾಗಿಲನ್ನು ಮೊಣಕಾಲಿನಿಂದ ಎತ್ತಿ ಹಿಡಿದು ಪೂರ್ತಿ ಬಿಗಿಯುವುದು, ಮುಚ್ಚಿ ನೋಡುವುದು, ಮತ್ತೆ ಸಡಿಲಿಸುವುದು. ಎತ್ತರ ತಗ್ಗು ಕಣ್ಣಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ. ಬಟ್ಟೆ ಹಿಡಿದು ಸವರಿದರೆ ಇನ್ನೂ ಬೇಗ. ಒಳಗೆ ಡಾಲಿ ಎಂಬ ಲೋಹದ ಗಟ್ಟಿಯನ್ನು ಒತ್ತಿ ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ತಗಡು ತನ್ನ ಜಾಗಕ್ಕೆ ಬರುತ್ತದೆ. ಜೋರಾಗಿ ಹೊಡೆದರೆ ಹಿಗ್ಗುತ್ತದೆ, ಹಿಗ್ಗಿದ್ದನ್ನು ಕಾಯಿಸಿ ಕುಗ್ಗಿಸುವುದು ಎರಡನೇ ಕೆಲಸ.

ಈ ತಾಳ್ಮೆಗೆ ಕುತ್ತು ತಂದದ್ದು ಪುಟ್ಟಿ. ಬೆರಳು ದಪ್ಪ ಪುಟ್ಟಿ ಮೆತ್ತಿ ಉಜ್ಜಿದರೆ ಸೊಟ್ಟ ಬಾಗಿಲೂ ಬಣ್ಣದ ಕೆಳಗೆ ನೆಟ್ಟಗೆ ಕಾಣುತ್ತದೆ, ನಮ್ಮ ರಸ್ತೆಯ ಕುಲುಕಿಗೆ ಬಿರುಕು ಬಿಡುವವರೆಗೆ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಜಜ್ಜಿದ ಬಾಗಿಲನ್ನು ತಟ್ಟುವ ಬದಲು ಹೊಸದನ್ನೇ ಹಾಕುವುದು ರೂಢಿಯಾಗುತ್ತ ಹೋಯಿತು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತದ ಕಣಜವಾದ ಗಂಗಾವತಿ ಕಡೆ ಟಿಂಕರ್‌ಗೆ ಲಾರಿ, ಟ್ರ್ಯಾಕ್ಟರುಗಳ ಕೆಲಸವಿದೆ. ಅಲ್ಲಿ ಸಂದಿಗಿಂತ ಗಟ್ಟಿತನ ಮುಖ್ಯ.

ಸಂದಿನ ಕಸುಬಿಗೆ ಈಗ ಉಳಿದ ಗಿರಾಕಿಗಳು ಹಳೆಯ ಕಾರು ಸಾಕುವ ಹವ್ಯಾಸಿಗಳು ಮತ್ತು ಧರ್ಮಸ್ಥಳದಂಥ ಕಡೆಯ ಕಾರು ಸಂಗ್ರಹಗಳು. 2021ರ ಕೇಂದ್ರ ನಿಯಮ ಅವರ ಆಯ್ಕೆಯನ್ನು ಇನ್ನಷ್ಟು ಬಿಗಿ ಮಾಡಿದೆ. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿಎ' ಅಕ್ಷರಗಳ ನಂಬರ್ ಪ್ಲೇಟ್ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿಸ್, ಮೈ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಾಗಿದ್ದರೆ ಆ ನೋಂದಣಿ ಸಿಗುವುದಿಲ್ಲ.