ಪಕ್ಕದ ಸೈಟಿನ ಕಟ್ಟಡದ ಭಾರ ನಮ್ಮ ಪಾಯಕ್ಕೆ ತಾಗುತ್ತದೆಯೇ?

‘ಅವರ ಮನೆ ಅವರ ಸೈಟಿನಲ್ಲಿ, ನಮ್ಮದು ನಮ್ಮ ಸೈಟಿನಲ್ಲಿ. ಗೋಡೆಗೆ ಗೋಡೆ ತಾಗಿಲ್ಲ, ಅವರ ಭಾರ ನಮಗೇನು ಮಾಡೀತು?’ ಎಂದು ಕೇಳುವವರು ಬಹಳ. ಆದರೆ ಮಣ್ಣಿನೊಳಗೆ ಭಾರ ನೇರವಾಗಿ ಕೆಳಕ್ಕಷ್ಟೇ ಇಳಿಯುವುದಿಲ್ಲ, ಇಳಿಯುತ್ತಾ ಅಕ್ಕಪಕ್ಕಕ್ಕೂ ಹರಡುತ್ತದೆ.

ಹೀಗೆ ಹರಡುವುದಕ್ಕೆ ಫ್ರಾನ್ಸಿನ ಬುಸಿನೆಸ್ಕ್ 1885ರಲ್ಲೇ ಸೂತ್ರ ಕೊಟ್ಟರು. ಅಂದಾಜಿಗೆ ಎಂಜಿನಿಯರುಗಳು ಬಳಸುವ ಲೆಕ್ಕ ಇನ್ನೂ ಸರಳ: ಎರಡು ಅಡಿ ಕೆಳಗಿಳಿದರೆ ಭಾರ ಪ್ರತಿ ಬದಿಗೂ ಒಂದಡಿ ಹರಡುತ್ತದೆ. 1.5 ಮೀಟರ್ ಚೌಕದ ಫೂಟಿಂಗ್ ಮೇಲೆ 30 ಟನ್ ಕೂತಿದೆ ಎನ್ನಿ. ಅದರ ತಳದಲ್ಲಿ ಚದರ ಮೀಟರಿಗೆ ಸುಮಾರು 13 ಟನ್ ಒತ್ತಡ, 1.5 ಮೀಟರ್ ಕೆಳಗೆ 3.3 ಟನ್, 3 ಮೀಟರ್ ಕೆಳಗೆ 1.5 ಟನ್ ಮಾತ್ರ. ಒಂದೇ ಫೂಟಿಂಗ್ ಆದರೆ ಇಷ್ಟಕ್ಕೇ ಮುಗಿಯಿತು. ಹತ್ತಿರ ಹತ್ತಿರ ಹತ್ತಾರು ಫೂಟಿಂಗ್‌ಗಳಿದ್ದಾಗ ಅವುಗಳ ಒತ್ತಡ ಕೆಳಗೆ ಒಂದರ ಮೇಲೊಂದು ಸೇರಿ, ಇಡೀ ಕಟ್ಟಡವೇ ಒಂದು ದೊಡ್ಡ ಫೂಟಿಂಗ್‌ನಂತೆ ಇನ್ನೂ ಆಳಕ್ಕೆ, ಇನ್ನೂ ದೂರಕ್ಕೆ ಒತ್ತುತ್ತದೆ.

ಹಳೇ ಮನೆಯಡಿಯ ಮಣ್ಣು ಅದರ ಭಾರಕ್ಕೆ ಎಂದೋ ಕುಗ್ಗಿ ನಿಂತಿರುತ್ತದೆ. ಪಕ್ಕದಲ್ಲಿ ನಾಲ್ಕಂತಸ್ತು ಎದ್ದರೆ ಆ ಬದಿಯ ಮಣ್ಣು ಮಾತ್ರ ಇನ್ನಷ್ಟು ಕುಗ್ಗುತ್ತದೆ. ಮನೆ ಪೂರ್ತಿ ಸಮನಾಗಿ ಇಳಿದರೆ ಅಷ್ಟು ತೊಂದರೆಯಿಲ್ಲ. ಒಂದೇ ಬದಿ ಇಳಿದಾಗ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಮರಳು ಮಣ್ಣಾದರೆ ಕಟ್ಟುತ್ತಿರುವಾಗಲೇ ಇದು ಕಾಣುತ್ತದೆ. ಜೇಡಿಮಣ್ಣಿನಲ್ಲಿ ಒಳಗಿನ ನೀರು ನಿಧಾನವಾಗಿ ಹಿಂಡಿ ಹೊರಹೋಗಬೇಕಾದ್ದರಿಂದ ಪಕ್ಕದವರ ಗೃಹಪ್ರವೇಶವಾಗಿ ವರ್ಷಗಳ ಮೇಲೂ ಕಾಣಿಸೀತು. ಹಾಗೆಂದು ಎಲ್ಲ ಬಿರುಕನ್ನೂ ನೆರೆಯವರ ತಲೆಗೆ ಕಟ್ಟುವಂತಿಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿಯೂ ಗೋಡೆ ಸೀಳುತ್ತದೆ.

ಭಾರಕ್ಕಿಂತ ಹೆಚ್ಚು ಹೆದರಬೇಕಾದದ್ದು ಗುಂಡಿಗೆ. ನೆಲಮಾಳಿಗೆಗೆಂದು ನಮ್ಮ ಪಾಯಕ್ಕಿಂತ ಆಳವಾಗಿ ಅಗೆದರೆ, ನಮ್ಮ ಭಾರ ಹೊತ್ತ ಮಣ್ಣಿಗೆ ಪಕ್ಕದ ಆಸರೆಯೇ ತಪ್ಪುತ್ತದೆ. ಮಳೆ ಬಂದರಂತೂ ಕುಸಿಯಲು ಹೊತ್ತು ಬೇಡ. ಬೇರೆ ಬೇರೆ ಆಳದ ಎರಡು ಫೂಟಿಂಗ್‌ಗಳ ಅಂಚುಗಳನ್ನು ಸೇರಿಸುವ ಗೆರೆ, ಎರಡು ಮೀಟರ್ ದೂರಕ್ಕೆ ಒಂದು ಮೀಟರ್ ಇಳಿಜಾರಿಗಿಂತ ಕಡಿದಾಗಿರಬಾರದು ಎನ್ನುತ್ತದೆ ಐಎಸ್ 1904 ಎಂಬ ಭಾರತೀಯ ಮಾನಕ. 30×40 ಸೈಟಿನಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಆಗ ಅಗೆಯುವ ಮೊದಲೇ ತಡೆಗೋಡೆ ಬೇಕು, ಇಲ್ಲವೇ ತುಂಡು ತುಂಡಾಗಿ ಅಗೆದು ಒಂದನ್ನು ಕಟ್ಟಿ ಮುಗಿಸಿದ ಮೇಲೆ ಇನ್ನೊಂದಕ್ಕೆ ಕೈಹಾಕಬೇಕು.

ಪಕ್ಕದಲ್ಲಿ ಜೆಸಿಬಿ ಬರುವ ಮುನ್ನ ನಿಮ್ಮ ಗೋಡೆಗಳ ಫೋಟೊ ತಾರೀಖು ಸಮೇತ ತೆಗೆದಿಡಿ. ಈಗಾಗಲೇ ಬಿರುಕಿದ್ದರೆ ಅದರ ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ, ಅಗಲ ಬರೆದಿಡಿ. ಅಗೆತ ನಡೆಯುವಾಗ ಗುರುತು ದಾಟಿ ಬೆಳೆದರೆ ಕೆಲಸ ನಿಲ್ಲಿಸಲು ಹೇಳಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.